ಹಳೆ ಕಾರಿನ ಬಣ್ಣ ಕಲಾಯಿ ಇದ್ದ ಹಾಗೆ: ಪಾಲಿಶ್ ಮಾಡಿಸುವ ಮುಂಚೆ ಇಷ್ಟು ತಿಳಿದಿರಲಿ

ನವರಾತ್ರಿ ಹತ್ತಿರ ಬಂತು ಅಂದರೆ ಕಾರವಾರದಲ್ಲಿ ವಾಟರ್ ವಾಶ್ ಮಾಡುವ ಕಡೆಯೆಲ್ಲ ಸಾಲು ಶುರುವಾಗುತ್ತದೆ. ಮಳೆಗಾಲ ಪೂರ್ತಿ ತಾಡಪತ್ರಿ ಹೊದ್ದು ಕೂತಿದ್ದ ಕಾರುಗಳು ಹೊರಗೆ ಬರುತ್ತವೆ. ನೋಡಿದರೆ ಬಾನೆಟ್ ಮಸುಕು, ಟಾಪ್ ಮೇಲೆ ಕೈಯಾಡಿಸಿದರೆ ಬಿಳಿ ಪುಡಿ, ಬಾಗಿಲ ಮೇಲೆ ಬಲೆ ಹೆಣೆದ ಹಾಗೆ ಗೀರು. ಆಯುಧ ಪೂಜೆಗೆ ಕಾರು ಹೊಳೆಯಬೇಕು, ಅಲ್ವಾ? ಆರ್‌ಸಿ ನವೀಕರಣ ಹತ್ತಿರ ಬಂದವರಿಗೂ ಇದೇ ಚಿಂತೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಗಾಡಿ ತೋರಿಸಲು ಒಯ್ಯುವ ಮುಂಚೆ ಒಂದು ಸಲ ಬಫಿಂಗ್, ಅಂದರೆ ಮಷೀನಿನಲ್ಲಿ ಉಜ್ಜಿ ಪಾಲಿಶ್, ಮಾಡಿಸಿಬಿಡೋಣ ಅಂತ ಅನಿಸುವುದು ಸಹಜ.

ನಾವೂ ಹಾಗೇ ಮಾಡಿಸಿದ್ದೆವು. ಮನೆಯಲ್ಲಿ ಅಪ್ಪ 1997ರಲ್ಲಿ ಕೊಂಡ ಕೆಂಪು ಮಾರುತಿ 800 ಇದೆ. ಮೂರು ವರ್ಷದ ಹಿಂದೆ ತಂಗಿಯ ಮದುವೆಗೆ ಮುಂಚೆ ಒಂದು ಅಂಗಡಿಗೆ ಕೊಟ್ಟೆ. ಹುಡುಗ ಮಷೀನ್ ಹಿಡಿದು ಉಜ್ಜುತ್ತಿದ್ದ. ಉಣ್ಣೆಯ ಪ್ಯಾಡ್ ಕೆಂಪಗಾಗುತ್ತಾ ಹೋಯಿತು. ಕೊಳೆ ಬರುತ್ತಿದೆ ಅಂದುಕೊಂಡು ನಾನು ನೋಡುತ್ತಾ ನಿಂತಿದ್ದೆ. ಸಂಜೆ ಕಾರು ಮನೆಗೆ ಬಂದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೆ ಬಾನೆಟ್ಟಿನ ಎಡ ಅಂಚಿನಲ್ಲಿ ಹೆಬ್ಬೆರಳಗಲದ ಬೂದು ಬಣ್ಣದ ಮಚ್ಚೆ. ಅಲ್ಲಿ ಕೆಂಪು ಪೂರ್ತಿ ಹೋಗಿ, ಬಣ್ಣದ ಅಡಿಗೆ ಬಳಿಯುವ ಪ್ರೈಮರ್ ಕಾಣುತ್ತಿತ್ತು. ಅಪ್ಪ ಅದನ್ನು ಮುಟ್ಟಿ ನೋಡಿದರು, ಏನೂ ಹೇಳಲಿಲ್ಲ. ಪ್ಯಾಡಿಗೆ ಹತ್ತಿದ್ದು ಕೊಳೆಯಲ್ಲ, ಬಣ್ಣವೇ ಅಂತ ನನಗೆ ಗೊತ್ತಾಗಿದ್ದು ಆಗ.

ಆಮೇಲೆ ಕೂತು ಕಲಿತದ್ದನ್ನು ಇಲ್ಲಿ ಬುಡದಿಂದ ಬರೆಯುತ್ತಿದ್ದೇನೆ.

ಬಣ್ಣ ಎಷ್ಟು ದಪ್ಪ?

ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಅನ್ನುತ್ತಾರೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಝೆರಾಕ್ಸ್ ಅಂಗಡಿಯ ಹಾಳೆ ಸುಮಾರು 100. ಕಾರ್ಖಾನೆಯಿಂದ ಬಂದ ಕಾರಿನ ಬಣ್ಣ, ಎಲ್ಲ ಪದರ ಸೇರಿ, ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಅಂದರೆ ಒಂದು ಹಾಳೆ, ಜಾಸ್ತಿ ಅಂದರೆ ಒಂದೂವರೆ ಹಾಳೆಯಷ್ಟು. ಅಷ್ಟರಲ್ಲೇ ಎಲ್ಲ ಅಡಗಿದೆ.

ತಗಡಿಗೆ ತಾಗಿ ಇರುವುದು ತುಕ್ಕು ತಡೆಯುವ ಪದರ. ಬಾಡಿಯನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟು ಹರಿಸಿ ಅದನ್ನು ಹಿಡಿಸುತ್ತಾರೆ. ಅದು ಸುಮಾರು 20 ಮೈಕ್ರಾನ್. ಅದರ ಮೇಲೆ ಪ್ರೈಮರ್. ಅದರ ಮೇಲೆ ನಾವು ನೋಡುವ ಬಣ್ಣ. ಈಚಿನ ಕಾರುಗಳಲ್ಲಿ ಎಲ್ಲಕ್ಕಿಂತ ಮೇಲೆ ಗಾಜಿನ ಹಾಗೆ ಪಾರದರ್ಶಕವಾದ ಇನ್ನೊಂದು ಪದರ ಇರುತ್ತದೆ. ಅದೇ ಕ್ಲಿಯರ್ ಕೋಟ್. ಗ್ಯಾರೇಜಿನಲ್ಲಿ ಲ್ಯಾಕರ್ ಅಂತಲೂ ಹೇಳುತ್ತಾರೆ. ಅದರ ದಪ್ಪ ಸುಮಾರು 35ರಿಂದ 50 ಮೈಕ್ರಾನ್. ಪಾಲಿಶ್ ಮಾಡುವವರ ಕೈಗೆ ಸಿಗುವುದು ಈ ಮೇಲಿನ ಪದರ ಮಾತ್ರ. ಅದು ಕೂದಲಿಗಿಂತ ತೆಳು.

ಹಿತ್ತಾಳೆ ಪಾತ್ರೆಯ ಕಲಾಯಿ ನೆನಪಿಗೆ ತಂದುಕೊಳ್ಳಿ. ಒಳಗೆ ಬಳಿದ ತವರದ ತೆಳು ಪದರ ಅದು. ಬೂದಿ, ತೆಂಗಿನ ನಾರು ಹಾಕಿ ದಿನಾ ತಿಕ್ಕಿದರೆ ಪಾತ್ರೆ ಹೊಳೆಯುತ್ತದೆ. ಆದರೆ ಪ್ರತಿ ಸಲ ಒಂಚೂರು ತವರ ನಾರಿಗೆ ಹೋಗುತ್ತದೆ. ಒಂದು ದಿನ ತಳದಲ್ಲಿ ಹಳದಿ ಹಿತ್ತಾಳೆ ಇಣುಕುತ್ತದೆ. ಕಾರಿನ ಪಾಲಿಶ್ ಕೂಡ ಇದೇ. ಹೊಳಪು ಬರುವುದು ಏನನ್ನೋ ಬಳಿದಿದ್ದರಿಂದಲ್ಲ, ಇದ್ದದ್ದನ್ನು ಸವೆಸಿದ್ದರಿಂದ.

ಒಂದು ವ್ಯತ್ಯಾಸ ಇದೆ. ಕಲಾಯಿ ಹೋದರೆ ಮತ್ತೆ ಹಾಕಿಸಬಹುದು, ಮೊದಲಿನಷ್ಟೇ ಚೆನ್ನಾಗಿ ಕೂರುತ್ತದೆ. ಕಾರಿನ ಬಣ್ಣಕ್ಕೆ ಹಾಗಾಗುವುದಿಲ್ಲ. ಕಾರ್ಖಾನೆಯಲ್ಲಿ ಬರೀ ತಗಡಿನ ಬಾಡಿಯನ್ನು ಸುಮಾರು 140 ಡಿಗ್ರಿ ಬಿಸಿಯ ಒಲೆಯಲ್ಲಿ ಬೇಯಿಸಿ ಬಣ್ಣ ಗಟ್ಟಿ ಮಾಡುತ್ತಾರೆ. ಗ್ಯಾರೇಜಿಗೆ ಬರುವ ಕಾರಿನಲ್ಲಿ ವೈರು, ರಬ್ಬರು, ಪ್ಲಾಸ್ಟಿಕ್ಕು, ಸೀಟು ಎಲ್ಲ ಇರುತ್ತದೆ. ಅಷ್ಟು ಬಿಸಿ ಕೊಡುವಂತಿಲ್ಲ. ಆದ್ದರಿಂದ ಮೂಲ ಬಣ್ಣ ಒಂದು ಸಲ ಹೋದರೆ ಅದೇ ಬಣ್ಣ ಮತ್ತೆ ಬರುವುದಿಲ್ಲ.

ನಿಮ್ಮ ಕಾರಿನದು ಯಾವ ಥರದ ಬಣ್ಣ?

ಇದು ಗೊತ್ತಿಲ್ಲದೆ ಪಾಲಿಶ್ ಡಬ್ಬಿ ತೆರೆಯಲೇಬೇಡಿ. ಎರಡು ಥರ ಇದೆ. ಒಂದರಲ್ಲಿ ಬಣ್ಣವೇ ಮೇಲಿನ ಪದರ. ಹೊಳಪೂ ಅದರದ್ದೇ. ಇದಕ್ಕೆ ಸಿಂಗಲ್ ಸ್ಟೇಜ್ ಅನ್ನುತ್ತಾರೆ. ಹಳೆ ಅಂಬಾಸಿಡರ್, ಪದ್ಮಿನಿ, ಹಳೆ ಮಾರುತಿಗಳ ಬಿಳಿ, ಕೆಂಪು, ನೀಲಿಯಂಥ ಸಾದಾ ಬಣ್ಣಗಳಲ್ಲಿ ಇದೇ ಸಾಮಾನ್ಯ. ಇನ್ನೊಂದರಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಇರುತ್ತದೆ. ಮಿನುಗುವ ಮೆಟಾಲಿಕ್ ಬಣ್ಣಗಳಲ್ಲಿ ಸಾಮಾನ್ಯವಾಗಿ ಕ್ಲಿಯರ್ ಕೋಟ್ ಇದ್ದೇ ಇರುತ್ತದೆ.

ಪರೀಕ್ಷೆ ಸುಲಭ. ಬಾಗಿಲಿನ ಕೆಳಭಾಗದಂಥ ಕಣ್ಣಿಗೆ ಬೀಳದ ಜಾಗ ಹುಡುಕಿ. ತೊಳೆದು ಒಣಗಿಸಿ. ಬಿಳಿ ಬನಿಯನ್ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ, ಹಗುರವಾಗಿ ಹತ್ತು ಸಲ ಸುತ್ತಿಸಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಸಿಂಗಲ್ ಸ್ಟೇಜ್. ಹತ್ತದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆ. ಬಿಳಿ ಕಾರಾದರೆ ಕಪ್ಪು ಬಟ್ಟೆ ತೆಗೆದುಕೊಳ್ಳಿ.

ಬಾನೆಟ್, ಬಾಗಿಲು, ಡಿಕ್ಕಿ, ಒಂದೊಂದನ್ನೂ ಬೇರೆ ಬೇರೆ ನೋಡಬೇಕು. ಹಳೆ ಕಾರು ಎಲ್ಲೋ ಒಂದು ಕಡೆ ಗುದ್ದಿಸಿಕೊಂಡು, ಟಿಂಕರಿಂಗ್ ಆಗಿ, ಬೇರೆ ಪೇಂಟ್ ಹೊಡೆಸಿಕೊಂಡಿರುತ್ತದೆ. ನಮ್ಮ ಕಾರಿನಲ್ಲಿ ಬಲಗಡೆಯ ಹಿಂದಿನ ಮಡ್‌ಗಾರ್ಡ್ ಮಾತ್ರ ಬಟ್ಟೆಗೆ ಬಣ್ಣ ಬಿಡಲಿಲ್ಲ. ಕೇಳಿದರೆ, 2009ರಲ್ಲಿ ಅರಗದ ಹತ್ತಿರ ಲಾರಿಯೊಂದು ಸವರಿಕೊಂಡು ಹೋಗಿತ್ತಂತೆ.

ಬಣ್ಣದ ದಪ್ಪ ಅಳೆಯುವ ಚಿಕ್ಕ ಮೀಟರೂ ಬರುತ್ತದೆ. ಬಣ್ಣದ ಮೇಲೆ ಇಟ್ಟರೆ ಕೆಳಗಿನ ಲೋಹ ಎಷ್ಟು ದೂರ ಇದೆ ಅಂತ ಗ್ರಹಿಸಿ ಮೈಕ್ರಾನ್ ಲೆಕ್ಕದಲ್ಲಿ ತೋರಿಸುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಮಾರುವವರ ಹತ್ತಿರ, ಒಳ್ಳೆ ಡೀಟೇಲಿಂಗ್ ಅಂಗಡಿಯವರ ಹತ್ತಿರ ಇರುತ್ತದೆ. 80ಕ್ಕಿಂತ ಕಡಿಮೆ ತೋರಿಸಿದರೆ ಬಣ್ಣ ಬಹಳ ಸವೆದಿದೆ ಅಂತ ತಿಳಿಯಿರಿ, ಅಲ್ಲಿ ಕಾಂಪೌಂಡ್, ಅಂದರೆ ಬಣ್ಣ ಕೆತ್ತುವ ಒರಟು ಪೇಸ್ಟು, ಮುಟ್ಟಿಸಬೇಡಿ. 200 ದಾಟಿದರೆ ಮತ್ತೆ ಪೇಂಟ್ ಆಗಿರುವ ಸಾಧ್ಯತೆ ಹೆಚ್ಚು. ಇನ್ನೂ ಎಷ್ಟೋ ಪಟ್ಟು ಜಾಸ್ತಿ ತೋರಿಸಿದರೆ ಅಡಿಯಲ್ಲಿ ಪುಟ್ಟಿ ಇದೆ. ಆದರೆ ಮೀಟರು ಹೇಳುವುದು ಒಟ್ಟು ದಪ್ಪ ಮಾತ್ರ. ಅದರಲ್ಲಿ ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಅಂತ ಹೇಳುವುದಿಲ್ಲ. ಹಾಗಾಗಿ 250 ತೋರಿಸಿತು ಅಂತ ಧೈರ್ಯವಾಗಿ ಉಜ್ಜುವಂತಿಲ್ಲ. ಪುಟ್ಟಿ ದಪ್ಪ ಇದ್ದು ಮೇಲಿನ ಬಣ್ಣ ತೆಳು ಇರಬಹುದು.

ಮಸುಕಾಗುವುದು ಯಾಕೆ?

ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ ಕಾಳಿ ನದಿಯನ್ನು ನೋಡಿದ್ದೀರಾ? ಸದಾಶಿವಗಡದ ಗುಡ್ಡ ನೀರಿನಲ್ಲಿ ತಲೆಕೆಳಗಾಗಿ ಸ್ಪಷ್ಟ ಕಾಣುತ್ತದೆ. ಹನ್ನೊಂದು ಗಂಟೆಗೆ ಗಾಳಿ ಎದ್ದು ಸಣ್ಣ ಅಲೆ ಬಂದ ಕೂಡಲೇ ಗುಡ್ಡ ಕರಗಿ ಹೋಗುತ್ತದೆ. ನೀರು ಅದೇ, ಬೆಳಕೂ ಅದೇ. ಮೇಲ್ಮೈ ಸಮ ಇಲ್ಲದ್ದರಿಂದ ಬೆಳಕು ಒಂದೇ ಕಡೆ ಹೋಗದೆ ಚದುರುತ್ತದೆ, ಅಷ್ಟೇ. ಕಾರಿನ ಹೊಳಪು ಹೋಗುವುದೂ ಹೀಗೇ. ಮೇಲ್ಮೈ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು, ಗೀರು.

ಆ ತಗ್ಗುಗಳನ್ನು ಮಾಡುವವರು ಹಲವರು. ಮೊದಲನೆಯದು ಬಿಸಿಲು. ಬಿಸಿಲಿನ ನೇರಳಾತೀತ ಕಿರಣಗಳು ಬಣ್ಣದ ಕಣಗಳನ್ನು ಹಿಡಿದಿಟ್ಟಿರುವ ಅಂಟನ್ನು ಮುರಿಯುತ್ತವೆ. ಅಂಟು ಸತ್ತ ಮೇಲೆ ಕಣಗಳು ಸಡಿಲಾಗಿ ಪುಡಿಯಾಗುತ್ತವೆ. ಹಳೆ ಸುಣ್ಣದ ಗೋಡೆಗೆ ಒರಗಿದರೆ ಅಂಗಿಗೆ ಬಿಳಿ ಹತ್ತುತ್ತದಲ್ಲ, ಹಾಗೆ. ಕೆಂಪು ಬಣ್ಣ ಎಲ್ಲಕ್ಕಿಂತ ಬೇಗ ಸೋಲುತ್ತದೆ. ಟಾಪ್, ಬಾನೆಟ್ ಮೊದಲು ಹೋಗುವುದು, ಬಾಗಿಲು ತಡವಾಗಿ ಹೋಗುವುದು ಇದಕ್ಕೇ.

ಕ್ಲಿಯರ್ ಕೋಟಿನೊಳಗೆ ಈ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕ ಬೆರೆಸಿರುತ್ತಾರೆ. ಹಾಗಾಗಿ ಅದನ್ನು ಸವೆಸಿದಷ್ಟೂ ಆ ರಕ್ಷಣೆಯೂ ಕಡಿಮೆಯಾಗುತ್ತಾ ಹೋಗುತ್ತದೆ. ಬಫಿಂಗ್ ಆದ ದಿನ ಕಾರು ಚೆಂದ ಕಂಡು, ಎರಡು ಬೇಸಿಗೆ ಕಳೆಯುವುದರೊಳಗೆ ಟಾಪ್ ಮೇಲೆ ಬಿಳಿ ಸಿಪ್ಪೆ ಏಳುವುದಕ್ಕೆ ಇದೊಂದು ದೊಡ್ಡ ಕಾರಣ.

ಎರಡನೆಯದು ನಮ್ಮ ಕಡಲು. ಉಪ್ಪು ತಾನಾಗಿ ಬಣ್ಣವನ್ನು ತಿನ್ನುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಆಷಾಢದಲ್ಲಿ ನೀರಾಗುವುದು ನಮಗೆಲ್ಲ ಗೊತ್ತು. ಕಾರಿನ ಮೇಲೂ ಅದೇ ಆಗುತ್ತದೆ. ಕಲ್ಲು ಸಿಡಿದು ಬಣ್ಣ ಹೋದ ಒಂದು ಚುಕ್ಕೆ ಸಿಕ್ಕರೆ ಸಾಕು, ಆ ಉಪ್ಪುನೀರು ತಗಡಿಗೆ ಇಳಿದು ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಅದು ಬಣ್ಣವನ್ನು ಒಳಗಿನಿಂದ ಎತ್ತುತ್ತದೆ. ಹೊರಗೆ ಕಾಣುವುದು ಸಣ್ಣ ಗುಳ್ಳೆ.

ಹಕ್ಕಿ ಹಿಕ್ಕೆಯ ಕಥೆ ಬೇರೆ. ಬಿಸಿಲಿಗೆ ಬಣ್ಣ ಮೆತ್ತಗಾಗಿ ಹಿಗ್ಗುತ್ತದೆ. ಮೇಲೆ ಹಿಕ್ಕೆ ಒಣಗಿ ಗಟ್ಟಿಯಾಗಿರುತ್ತದೆ. ರಾತ್ರಿ ಬಣ್ಣ ತಣ್ಣಗಾಗಿ ಕುಗ್ಗುವಾಗ ಆ ಹಿಕ್ಕೆಯ ಆಕಾರಕ್ಕೇ ಅಚ್ಚೊತ್ತಿದ ಹಾಗೆ ಕೂತುಬಿಡುತ್ತದೆ. ತೊಳೆದ ಮೇಲೂ ಕಲೆ ಉಳಿಯುವುದು ಇದರಿಂದ.

ಇವೆಲ್ಲಕ್ಕಿಂತ ಜಾಸ್ತಿ ಗೀರು ಮಾಡುವುದು ನಮ್ಮ ಕೈಯೇ. ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ದೂಳು ಒರೆಸುವ ರೂಢಿ ಬಹಳ ಮನೆಯಲ್ಲಿದೆ. ಚಿರೆಕಲ್ಲಿನ ಕೆಂಪು ದೂಳಿನಲ್ಲಿ ಮರಳಿನ ಹರಳುಗಳಿರುತ್ತವೆ. ಅವು ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಒಣ ಬಟ್ಟೆಯಲ್ಲಿ ಒರೆಸಿದರೆ ಉಪ್ಪುಕಾಗದದಲ್ಲಿ ತೀಡಿದ ಹಾಗೇ. ದಯವಿಟ್ಟು ಇದೊಂದನ್ನು ಇವತ್ತೇ ಬಿಡಿ.

ಕಾಂಪೌಂಡ್, ಪಾಲಿಶ್, ವ್ಯಾಕ್ಸ್

ಅಂಗಡಿಯಲ್ಲಿ ಮೂರಕ್ಕೂ ಒಟ್ಟಾಗಿ ಪಾಲಿಶ್ ಅಂತಲೇ ಹೇಳುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ಕಾಂಪೌಂಡ್ ಅಂದರೆ ದಪ್ಪ ಹರಳಿನ ಪೇಸ್ಟು. ಗೀರಿನ ತಳ ಸಿಗುವ ತನಕ ಸುತ್ತಲಿನ ಬಣ್ಣವನ್ನೆಲ್ಲ ಕೆತ್ತುತ್ತದೆ. ಪಾಲಿಶ್ ಅಂದರೆ ಅದೇ ಕೆಲಸ, ಆದರೆ ಬಹಳ ನಯವಾದ ಪುಡಿಯಿಂದ. ಕಾಂಪೌಂಡ್ ಬಿಟ್ಟ ಗೀರುಗಳನ್ನು ನುಣುಪು ಮಾಡುತ್ತದೆ. ಇವೆರಡೂ ಬಣ್ಣವನ್ನು ತೆಗೆಯುತ್ತವೆ.

ವ್ಯಾಕ್ಸ್ ಬಣ್ಣವನ್ನು ತೆಗೆಯುವುದಿಲ್ಲ, ಮೇಲೆ ಕೂರುತ್ತದೆ. ಹಲಸಿನಹಣ್ಣು ಬಿಡಿಸುವ ಮುಂಚೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತೇವಲ್ಲ, ಅದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಅಂಟು ಚರ್ಮಕ್ಕೆ ಹತ್ತದೆ ಎಣ್ಣೆಗೆ ಹತ್ತುತ್ತದೆ, ಒರೆಸಿದರೆ ಹೋಗುತ್ತದೆ. ಕಾರಿನ ಮೇಲೂ ಹಿಕ್ಕೆ, ಮರದ ಅಂಟು, ಉಪ್ಪು ಎಲ್ಲ ಮೊದಲು ವ್ಯಾಕ್ಸಿಗೆ ಹತ್ತುತ್ತವೆ. ಹಳೆ ಕಾಲದಿಂದ ಹೆಸರಾದದ್ದು ಕಾರ್ನೋಬಾ ಮೇಣ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಗರಿಯಿಂದ ತೆಗೆಯುತ್ತಾರೆ. ಸುಮಾರು 82ರಿಂದ 86 ಡಿಗ್ರಿಯ ತನಕ ಕರಗದ ಗಟ್ಟಿ ಮೇಣ ಅದು. ಈಗ ರಾಸಾಯನಿಕವಾಗಿ ತಯಾರಿಸಿದ ಸೀಲಂಟುಗಳೂ ಬರುತ್ತವೆ. ಅವು ವ್ಯಾಕ್ಸಿಗಿಂತ ಜಾಸ್ತಿ ದಿನ ಬಾಳುತ್ತವೆ.

ಡಬ್ಬಿಯ ಮೇಲೆ ಕ್ಲೀನರ್ ವ್ಯಾಕ್ಸ್ ಅಥವಾ ಪಾಲಿಶ್ ಆ್ಯಂಡ್ ವ್ಯಾಕ್ಸ್ ಅಂತ ಬರೆದಿದ್ದರೆ ಅದರಲ್ಲಿ ಸ್ವಲ್ಪ ಸವೆಸುವ ಪುಡಿಯೋ, ಕೊಳೆ ಬಿಡಿಸುವ ರಾಸಾಯನಿಕವೋ ಇರುತ್ತದೆ. ವರ್ಷಕ್ಕೊಮ್ಮೆ ಪರವಾಗಿಲ್ಲ. ತಿಂಗಳಿಗೊಮ್ಮೆ ಹಚ್ಚುವುದಕ್ಕೆ ಸಾದಾ ವ್ಯಾಕ್ಸೇ ಬೇಕು.

ಸೆರಾಮಿಕ್ ಕೋಟಿಂಗ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಗಟ್ಟಿ, ಬಾಳಿಕೆ ಬರುವ ಪದರ, ನಿಜ. ಆದರೆ ಬಹಳ ತೆಳು, ಒಂದೆರಡು ಮೈಕ್ರಾನಿನ ಆಸುಪಾಸು. ಸವೆದ ಬಣ್ಣವನ್ನು ಅದು ತುಂಬಿ ಕೊಡುವುದಿಲ್ಲ. ಅದನ್ನು ಹಾಕುವ ಮುಂಚೆ ಗೀರೆಲ್ಲ ಹೋಗಲಿ ಅಂತ ಕಾಂಪೌಂಡ್ ಹೊಡೆಯುವುದು ರೂಢಿ. ತೆಳು ಬಣ್ಣಕ್ಕೆ ಅಪಾಯ ಇರುವುದು ಈ ತಯಾರಿಯಲ್ಲಿ.

ಡೀಸೆಲ್, ಸೀಮೆಎಣ್ಣೆ, ತೆಂಗಿನೆಣ್ಣೆಯಲ್ಲಿ ಒರೆಸಿದರೂ ಹೊಳೆಯುತ್ತದೆ. ತಗ್ಗುಗಳಲ್ಲಿ ಎಣ್ಣೆ ತುಂಬಿಕೊಂಡು ಮೇಲ್ಮೈ ತಾತ್ಕಾಲಿಕವಾಗಿ ಸಮ ಆಗುತ್ತದೆ. ಎರಡು ದಿನದಲ್ಲಿ ಅದಕ್ಕೆ ದೂಳು ಕಚ್ಚುತ್ತದೆ. ಡೀಸೆಲ್ ಅಂತೂ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗನ್ನೂ ಹಾಳು ಮಾಡುತ್ತದೆ.

ಪಾಲಿಶ್ ಮಾಡಲೇಬಾರದ ಜಾಗಗಳು

ಬಿಸಿಲಿಗೆ ಬೆಂದ ಚರ್ಮದ ಹಾಗೆ ಕ್ಲಿಯರ್ ಕೋಟ್ ಸಿಪ್ಪೆ ಎದ್ದಿದ್ದರೆ ಯಾವ ಪಾಲಿಶ್ಶೂ ಅದನ್ನು ಕೂರಿಸುವುದಿಲ್ಲ. ಉಜ್ಜಿದಷ್ಟೂ ಸಿಪ್ಪೆಯ ಅಂಚು ಅಗಲವಾಗುತ್ತದೆ. ಬಣ್ಣ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿದ್ದರೂ ಅಷ್ಟೇ, ಪಾಲಿಶ್ ಬಿರುಕಿನೊಳಗೆ ಕೂತು ಬಿಳಿ ಗೆರೆಯಾಗುತ್ತದೆ. ತುಕ್ಕಿನ ಗುಳ್ಳೆ ಇದ್ದಲ್ಲಿ ಬೇಕಾದ್ದು ಟಿಂಕರಿಂಗ್. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಆಳದ ಗೀರನ್ನೂ ಬಿಟ್ಟುಬಿಡಿ. ಅದರ ತಳ ಮುಟ್ಟಬೇಕಾದರೆ ಸುತ್ತಲಿನ ಬಣ್ಣವೆಲ್ಲ ಹೋಗಬೇಕು.

ಬಾನೆಟ್ಟಿನ ಅಂಚು, ಬಾಗಿಲಿನ ಮೂಲೆ, ಬಾಡಿಯ ಉದ್ದಕ್ಕೆ ಹೋಗುವ ಮಡಿಕೆ ಗೆರೆ, ಇಲ್ಲೆಲ್ಲ ಬಣ್ಣ ಬೇರೆ ಕಡೆಗಿಂತ ತೆಳು. ಜೊತೆಗೆ ಉಜ್ಜುವಾಗ ಪ್ಯಾಡಿನ ಒತ್ತಡ ಪೂರ್ತಿ ಆ ಸಣ್ಣ ಗೆರೆಯ ಮೇಲೆ ಬೀಳುತ್ತದೆ. ನಮ್ಮ ಕಾರಿಗೆ ಆಗಿದ್ದು ಇದೇ.

ಮೊದಲು ತೊಳೆಯುವುದು

ಬೆಳಿಗ್ಗೆ ಬಿಸಿಲೇರುವ ಮುಂಚೆ, ನೆರಳಿನಲ್ಲಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಮೊದಲು ಬರೀ ನೀರು ಹಾಕಿ ಮರಳು, ದೂಳು ಇಳಿಸಿ. ಬಣ್ಣ ಬಿರುಕು ಬಿಟ್ಟಲ್ಲಿ ಪ್ರೆಶರ್ ಗನ್ ಹತ್ತಿರ ತರಬೇಡಿ, ಸಿಪ್ಪೆ ಹಾರಿಹೋಗುತ್ತದೆ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಸಾದಾ ನೀರು. ಮೆತ್ತನೆ ಮೈಕ್ರೋಫೈಬರನ್ನು ಪ್ರತಿ ಸಲ ಸಾದಾ ನೀರಿನಲ್ಲಿ ಜಾಲಿಸಿದ ಮೇಲೆಯೇ ಶಾಂಪೂವಿಗೆ ಅದ್ದಬೇಕು. ತೊಳೆದು ಮುಗಿಸಿ ಆ ಎರಡನೇ ಬಕೆಟ್ಟಿನ ತಳದಲ್ಲಿ ಕೈಯಾಡಿಸಿ ನೋಡಿ, ಕೆಂಪು ಮರಳು ಬೆರಳಿಗೆ ಸಿಗುತ್ತದೆ. ಒಂದೇ ಬಕೆಟ್ ಇದ್ದಿದ್ದರೆ ಅದೆಲ್ಲ ಕಾರಿನ ಮೇಲೆ ಓಡಾಡುತ್ತಿತ್ತು.

ಕಡಲ ದಂಡೆಯ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಸವಳಾಗುತ್ತದೆ. ಆ ನೀರಾದರೆ ಒಣಗಲು ಬಿಡದೆ ಕೂಡಲೇ ಒರೆಸಿ.

ತೊಳೆದ ಮೇಲೂ ಮೇಲ್ಮೈ ಒರಟಾಗಿ ತಾಗಿದರೆ ಕ್ಲೇ ಬಾರ್ ಅನ್ನುವ ಮಣ್ಣಿನ ಮುದ್ದೆಯಲ್ಲಿ ಅಂಟಿದ್ದನ್ನು ಎತ್ತುತ್ತಾರೆ. ಧಾರಾಳ ಶಾಂಪೂ ನೀರು ಬೇಕು, ಒತ್ತಬಾರದು. ಪುಡಿ ಬಿಡುವ ಹಳೆ ಬಣ್ಣಕ್ಕೆ ಇದು ಬೇಡವೇ ಬೇಡ.

ಕೈಯಲ್ಲೇ ಪಾಲಿಶ್

ತೆಳು ಬಣ್ಣಕ್ಕೆ ಒಂದೇ ಲೆಕ್ಕ: ಎಲ್ಲಕ್ಕಿಂತ ಮೆತ್ತಗಿನದರಿಂದ ಶುರು ಮಾಡಿ, ಸಾಕು ಅನಿಸಿದಲ್ಲಿ ನಿಲ್ಲಿಸಿ. ಮದ್ದು ಕೊಡುವಾಗ ಮೊದಲು ಕಷಾಯ ಕೊಟ್ಟು ನೋಡುವುದಿಲ್ಲವೇ, ಹಾಗೆ.

ಸಿಂಗಲ್ ಸ್ಟೇಜ್ ಬಣ್ಣ ತೀರಾ ಒಣಗಿ ಪುಡಿ ಬಿಡುತ್ತಿದ್ದರೆ ಪಾಲಿಶ್‌ಗಿಂತ ಮುಂಚೆ ಇನ್ನೊಂದು ಕೆಲಸ ಇದೆ. ಸವೆಸುವ ಪುಡಿ ಇಲ್ಲದ, ಎಣ್ಣೆ ಅಂಶ ಇರುವ ಗ್ಲೇಜ್ ಸಿಗುತ್ತದೆ. ಅದನ್ನು ಮೆತ್ತನೆ ಟವೆಲ್ಲಿನಲ್ಲಿ ಧಾರಾಳ ಹಚ್ಚಿ, ಒಂದು ರಾತ್ರಿ ಬಿಟ್ಟು ಒರೆಸಬೇಕು. ಸಡಿಲಾದ ಪುಡಿ ಟವೆಲ್ಲಿಗೆ ಬರುತ್ತದೆ, ಕೆಳಗಿನ ಬಣ್ಣ ಗಾಢವಾಗುತ್ತದೆ. ನಮ್ಮ ಕಾರಿನ ಟಾಪ್ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಎರಡು ರಾತ್ರಿ ಹೀಗೆ ಮಾಡಿದ ಮೇಲೆ ಒದ್ದೆ ಮಾಡಿದ ಕೆಂಪು ಗಾರೆ ನೆಲದ ಹಾಗೆ ಬಣ್ಣ ಎದ್ದು ಬಂತು. ಆಮೇಲೆ ಪಾಲಿಶ್ ಒಂದೇ ಒಂದು ಸುತ್ತು ಸಾಕಾಯಿತು.

ಪಾಲಿಶ್ ಶುರು ಮಾಡುವ ಮುಂಚೆ ಅಂಚು, ಮಡಿಕೆ, ರಬ್ಬರು, ಪ್ಲಾಸ್ಟಿಕ್ಕಿಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿ. ಬಾನೆಟ್ಟಿನಲ್ಲಿ ಒಂದೂವರೆ ಅಡಿ ಚೌಕ ಆರಿಸಿ, ನಡುವೆ ಒಂದು ಟೇಪ್ ಹಾಕಿ. ಟೇಪಿನ ಒಂದು ಬದಿ ಮಾತ್ರ ಪಾಲಿಶ್ ಮಾಡಿ. ಫೋಮ್ ಪ್ಯಾಡಿಗೆ ಕಡಲೆಕಾಳಿನಷ್ಟು ದೊಡ್ಡ ಎರಡು ಮೂರು ಹನಿ ಸಾಕು. ಅಂಗೈಯ ಭಾರ ಹಾಕದೆ, ಬೆರಳುಗಳಲ್ಲಿ, ಒಂದು ನಿಮಿಷ. ಒರೆಸಿ, ಟೇಪ್ ಕಿತ್ತು ಎರಡೂ ಬದಿ ನೋಡಿ. ವ್ಯತ್ಯಾಸ ಕಣ್ಣಿಗೆ ಹಿತ ಅನಿಸಿದರೆ ಅದೇ ಸಾಕು. ಪ್ರತಿ ಗೀರೂ ಹೋಗಬೇಕು ಅನ್ನುವ ಆಸೆ ಬಿಡಬೇಕು. ನಾಲ್ಕು ಗೀರು ಉಳಿದ ಬಣ್ಣ, ಗೀರೇ ಇಲ್ಲದ ಪ್ರೈಮರಿಗಿಂತ ಎಷ್ಟೋ ಮೇಲು.

ಉಜ್ಜುವಾಗ ಬಟ್ಟೆಯ ಮೇಲೆ ಕಣ್ಣಿರಲಿ. ಸಿಂಗಲ್ ಸ್ಟೇಜಿನಲ್ಲಿ ಬಣ್ಣ ಬರುವುದು ಸಹಜ, ಆದರೆ ಕಡಿಮೆಯಾಗುತ್ತಾ ಹೋಗಬೇಕು. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಬಟ್ಟೆಗೆ ಬಣ್ಣ ಬಂತೋ, ಕ್ಲಿಯರ್ ಕೋಟ್ ದಾಟಿಹೋಗಿದೆ ಅಂತ ಅರ್ಥ. ಆ ಕ್ಷಣ ಕೈ ತೆಗೆಯಿರಿ. ಬಣ್ಣದ ನಡುವೆ ಬೇರೆ ಛಾಯೆ ಮೋಡದ ಹಾಗೆ ಇಣುಕಿದರೂ ಅಷ್ಟೇ.

ಅಂಗಡಿಗೆ ಕೊಡುವುದಾದರೆ

ಮಷೀನಿನಲ್ಲಿ ಎರಡು ಥರ. ರೋಟರಿ ಒಂದೇ ಅಚ್ಚಿನ ಮೇಲೆ ಸುತ್ತುತ್ತದೆ. ಒಂದೇ ಕಡೆ ನಿಂತರೆ ಕ್ಷಣದಲ್ಲಿ ಬಿಸಿಯಾಗಿ ಬಣ್ಣ ಸುಟ್ಟುಹೋಗುತ್ತದೆ. ಡ್ಯುಯಲ್ ಆ್ಯಕ್ಷನ್ ಮಷೀನ್ ಸುತ್ತುತ್ತಾ ಅತ್ತಿತ್ತ ಓಲಾಡುತ್ತದೆ. ಜಾಸ್ತಿ ಒತ್ತಿದರೆ ಸುತ್ತುವುದೇ ನಿಲ್ಲುತ್ತದೆ. ತೆಳು ಬಣ್ಣಕ್ಕೆ ಎರಡನೆಯದೇ ಸುರಕ್ಷಿತ, ಅದೂ ಮೆತ್ತನೆ ಫೋಮ್ ಪ್ಯಾಡ್ ಹಾಕಿ, ಕಡಿಮೆ ವೇಗದಲ್ಲಿ.

ಹಾಗಾಗಿ ಕಾರು ಬಿಡುವ ಮುಂಚೆ ಯಾವ ಮಷೀನ್, ಯಾವ ಪ್ಯಾಡ್ ಅಂತ ಕೇಳಿ. "ಕಾಂಪೌಂಡ್ ಬೇಡ, ನಯ ಪಾಲಿಶ್ ಒಂದು ಸುತ್ತು ಸಾಕು, ಅಂಚಿಗೆ ಟೇಪ್ ಹಾಕಿ, ಗೀರು ಉಳಿದರೂ ಅಡ್ಡಿಯಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಗಿರಾಕಿ ಹೇಳದಿದ್ದರೆ ಹೊಳಪು ಬರಿಸುವುದೇ ತನ್ನ ಕೆಲಸ ಅಂತ ಹುಡುಗ ತಿಳಿಯುತ್ತಾನೆ. ಅವನದು ತಪ್ಪಲ್ಲ. ವಾಟರ್ ಪೇಪರ್, ಅಂದರೆ ನೀರು ಹಾಕಿ ತೀಡುವ ಉಪ್ಪುಕಾಗದ, ಹಾಕುತ್ತೇವೆ ಅಂದರೆ ಮಾತ್ರ ಕಾರು ವಾಪಸ್ ತನ್ನಿ.

ವ್ಯಾಕ್ಸ್ ಎಷ್ಟು, ಯಾವಾಗ

ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತದಲ್ಲ, ಆ ಎಲೆಯ ಮೇಲೆ ಇರುವುದೂ ಸೂಕ್ಷ್ಮವಾದ ಮೇಣವೇ. ಕಾರಿನ ಮೇಲೆ ವ್ಯಾಕ್ಸ್ ಇದೆಯೋ ಇಲ್ಲವೋ ಅಂತ ನೋಡುವ ಪರೀಕ್ಷೆಯೂ ಅದೇ. ನೀರು ಚಿಮುಕಿಸಿ. ದುಂಡಗೆ ಹನಿಗಟ್ಟಿದರೆ ಇದೆ. ಚಪ್ಪಟೆಯಾಗಿ ಹರಡಿ ನಿಂತರೆ ಮುಗಿದಿದೆ.

ಹಚ್ಚುವಾಗ ತೆಳುವಾಗಿ, ಇದ್ದೂ ಇಲ್ಲದಂತೆ. ದಪ್ಪ ಹಚ್ಚಿದ್ದು ಬಟ್ಟೆಗೇ ಹೋಗುತ್ತದೆ. ಕರಾವಳಿಯ ತೇವಕ್ಕೆ ವ್ಯಾಕ್ಸ್ ಒಣಗಿ ಮಂಜಿನ ಹಾಗೆ ಮಸುಕಾಗಲು ಹೊತ್ತು ಹಿಡಿಯುತ್ತದೆ, ಅವಸರ ಬೇಡ. ಬೆರಳಿನಲ್ಲಿ ಒಂದು ಗೆರೆ ಎಳೆದು ನೋಡಿ. ಗೆರೆ ಶುಭ್ರವಾಗಿ ಬಂದರೆ ಒರೆಸುವ ಹೊತ್ತು, ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಕಪ್ಪು ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ಬಿಳಿ ಕಲೆ ಉಳಿಯುತ್ತದೆ.

ನಮ್ಮ ಬಿಸಿಲು ಮಳೆಗೆ ಮೇಣದ ವ್ಯಾಕ್ಸ್ ಒಂದೂವರೆ ಎರಡು ತಿಂಗಳು ಬಂದರೆ ಹೆಚ್ಚು. ಸೀಲಂಟ್ ಇನ್ನೂ ಸ್ವಲ್ಪ ದಿನ ತಾಳುತ್ತದೆ. ಹಾಗಾಗಿ ನಾನು ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ಸೀಲಂಟ್ ಹಚ್ಚುತ್ತೇನೆ. ಮಳೆ ಬಿಟ್ಟ ಮೇಲೆ ಎರಡು ತಿಂಗಳಿಗೊಮ್ಮೆ ವ್ಯಾಕ್ಸ್. ಇಷ್ಟು ಮಾಡುತ್ತಿದ್ದರೆ ಪಾಲಿಶ್ ಡಬ್ಬಿ ತೆರೆಯುವ ಅಗತ್ಯವೇ ಅಪರೂಪ.

ಘಟ್ಟದ ಕೆಳಗೆ, ಘಟ್ಟದ ಮೇಲೆ

ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಶತ್ರು ಉಪ್ಪು ಮತ್ತು ಬಿಸಿಲು. ಕಡಲ ಕಡೆಗೆ ಮುಖ ಮಾಡಿದ ಮನೆಯಾದರೆ ವಾರಕ್ಕೊಮ್ಮೆ ಬರೀ ನೀರು ಹಾಯಿಸಿದರೂ ದೊಡ್ಡ ಉಪಕಾರ. ಚಕ್ರದ ಕಮಾನಿನ ಒಳಗೆ, ಬಾಗಿಲಿನ ಅಡಿಗೆ ಮರೆಯದೆ ಹಾಯಿಸಿ. ಮಾವು ಹೂ ಬಿಟ್ಟಾಗ ಮರದಡಿ ನಿಲ್ಲಿಸಿದ ಕಾರಿಗೆ ಅಂಟಂಟು ಹನಿ ಬೀಳುತ್ತದೆ. ಅದು ಜಿಗಿಹುಳು ಬಿಡುವ ಸಿಹಿ ದ್ರವ. ಒಣಗಿದರೆ ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಒಣ ಬಟ್ಟೆಯಲ್ಲಿ ಕೆರೆಯಬೇಡಿ, ಬೆಚ್ಚಗಿನ ನೀರಿನ ಬಟ್ಟೆಯನ್ನು ಹತ್ತು ನಿಮಿಷ ಮೇಲೆ ಹಾಸಿಟ್ಟರೆ ತಾನೇ ಬಿಡುತ್ತದೆ. ಹಿಕ್ಕೆಗೂ ಇದೇ ಉಪಾಯ.

ಶಿರಸಿ, ಸಿದ್ದಾಪುರದ ಕಡೆ ಉಪ್ಪಿನ ಕಾಟ ಇಲ್ಲ, ಹಸಿರು ಪಾಚಿಯ ಕಾಟ. ಗಾಜಿನ ಬೀಡಿಂಗ್ ಸಂದಿಯಲ್ಲಿ ಕೂತು ನೀರು ಹಿಡಿದುಕೊಳ್ಳುತ್ತದೆ. ಹಳೆ ಹಲ್ಲುಜ್ಜುವ ಬ್ರಶ್ ಮತ್ತು ಶಾಂಪೂ ನೀರು ಸಾಕು. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಚೊಗರು ತಾಗಿದರೆ ಒಣಗುವ ಮುಂಚೆ ತೊಳೆಯಿರಿ.

ತಾಡಪತ್ರಿಯನ್ನು ನೇರವಾಗಿ ಕಾರಿಗೆ ಹೊದಿಸುವುದು ಎರಡು ಕಡೆಯೂ ಕೆಟ್ಟದ್ದೇ. ಅಡಿಯಲ್ಲಿ ತೇವ ಕೂರುತ್ತದೆ, ಗಾಳಿಗೆ ಪಟಪಟ ಬಡಿದು ಅಂಚಿನ ಬಣ್ಣ ಸವೆಯುತ್ತದೆ. ನಾಲ್ಕು ಗೂಟ ನೆಟ್ಟು ಮೇಲೆ ಕಟ್ಟಿದರೆ ಅದೇ ತಾಡಪತ್ರಿ ಒಳ್ಳೆಯ ಮಾಡಾಗುತ್ತದೆ.

ಪೂಜೆಯ ದಿನ

ಆಯುಧ ಪೂಜೆಗೆ ಎರಡು ದಿನ ಮುಂಚೆಯೇ ವ್ಯಾಕ್ಸ್ ಮುಗಿಸಿ. ಗಂಧ, ಅರಿಶಿನ, ಕುಂಕುಮದ ಬಣ್ಣ ಒಣಗಿದ ಹಳೆ ಪೇಂಟಿಗೆ ಇಳಿದು ಕಲೆ ಕಟ್ಟಬಹುದು. ವ್ಯಾಕ್ಸ್ ಇದ್ದರೆ ಅದರ ಮೇಲೇ ನಿಲ್ಲುತ್ತದೆ. ಹೂವಿನ ಮಾಲೆಯನ್ನು ಬಾನೆಟ್ಟಿಗೆ ಸೆಲ್ಲೋ ಟೇಪಿನಲ್ಲಿ ಅಂಟಿಸಬೇಡಿ, ತೆಳು ಬಣ್ಣ ಟೇಪಿನ ಜೊತೆ ಎದ್ದು ಬರಬಹುದು. ಬಂಪರಿಗೋ ಕನ್ನಡಿಗೋ ದಾರದಲ್ಲಿ ಕಟ್ಟಿ. ಸಂಜೆ ಕುಂಕುಮವನ್ನು ಒಣಗಿದ್ದಂತೆ ಒರೆಸದೆ, ನೀರು ಹಾಯಿಸಿ ಇಳಿಸಿ.

ನಮ್ಮ ಬಾನೆಟ್ಟಿನ ಆ ಮಚ್ಚೆಗೆ ಟಚ್‌ಅಪ್ ಬಣ್ಣವನ್ನು ಸಣ್ಣ ಬ್ರಶ್ಶಿನಲ್ಲಿ ಮೂರು ಸಲ ಹಚ್ಚಿದೆ. ಹತ್ತಿರ ನಿಂತರೆ ಗೊತ್ತಾಗುತ್ತದೆ. ತಗಡಿಗೆ ನೀರು ಇಳಿಯುತ್ತಿಲ್ಲ, ತುಕ್ಕು ಬಂದಿಲ್ಲ. ಅಪ್ಪ ಈಗ ಪ್ರತಿ ವರ್ಷ ಗಂಧದ ಬೊಟ್ಟನ್ನು ಸರಿಯಾಗಿ ಅದರ ಪಕ್ಕದಲ್ಲೇ ಇಡುತ್ತಾರೆ.